ಅಂಕಿಗಳ ಕಣಜಕ್ಕೆ ಕಾವಲು

ನಮ್ಮ ವಾಚಕರಲ್ಲಿ ಹಿರಿಯರಾದವರಿಗೆ ಲಾಗರಿತಮ್ ಕೋಷ್ಟಕದ ಪುಸ್ತಕವು ಚೆನ್ನಾಗಿ ನೆನಪಿರಬಹುದು. ದೊಡ್ಡ ದೊಡ್ಡ ಗುಣಾಕಾರ ಭಾಗಾಕಾರಗಳನ್ನು ಸುಲಭಗೊಳಿಸಲು ವಿದ್ಯಾರ್ಥಿಗಳೂ ಇಂಜಿನಿಯರುಗಳೂ ಅದರ ಪುಟಗಳನ್ನು ದಿನವೂ ತಿರುವಿಹಾಕುತ್ತಿದ್ದ ಕಾಲವೊಂದಿತ್ತು. 1881ರಲ್ಲಿ ಅಮೆರಿಕದ ಖಗೋಳವಿಜ್ಞಾನಿ ಸೈಮನ್ ನ್ಯೂಕಾಂಬ್ ಅವರು ಇಂತಹ ಪುಸ್ತಕಗಳಲ್ಲಿ ಒಂದು ವಿಚಿತ್ರ ಸಂಗತಿಯನ್ನು ಗಮನಿಸಿದರು. ಪುಸ್ತಕದ ಮೊದಲ ಪುಟಗಳು ಬೆರಳುಗಳ ಉಜ್ಜಿಗೆ ಸವೆದು ಮಾಸಿಹೋಗಿದ್ದುವು. ಕೊನೆಯ ಪುಟಗಳು ಹೆಚ್ಚುಕಡಿಮೆ ಹೊಸದಾಗಿಯೇ ಉಳಿದಿದ್ದುವು. ಮೊದಲ ಪುಟಗಳಲ್ಲಿರುವುದು 1ರಿಂದ ಆರಂಭವಾಗುವ ಸಂಖ್ಯೆಗಳು; ಕೊನೆಯ ಪುಟಗಳಲ್ಲಿರುವುದು 9ರಿಂದ ಆರಂಭವಾಗುವ ಸಂಖ್ಯೆಗಳು. ಹಾಗಾದರೆ ಜನರು ಲೆಕ್ಕ ಹಾಕುವ ಸಂಖ್ಯೆಗಳಲ್ಲಿ 1ರಿಂದ ಮೊದಲಾಗುವುವೇ ಹೆಚ್ಚೆ?

ಹೌದೆಂಬುದನ್ನು 1938ರಲ್ಲಿ ಜನರಲ್ ಇಲೆಕ್ಟ್ರಿಕ್ ಕಂಪೆನಿಯ ಭೌತವಿಜ್ಞಾನಿ ಫ್ರಾಂಕ್ ಬೆನ್‌ಫರ್ಡ್ ಅವರು ವಿಸ್ತಾರವಾಗಿ ತೋರಿಸಿಕೊಟ್ಟರು. ನದಿಗಳ ವಿಸ್ತೀರ್ಣ, ಊರುಗಳ ಜನಸಂಖ್ಯೆ ಮುಂತಾದ ಹಲವು ಮೂಲಗಳಿಂದ ಅವರು 20,229 ಸಂಖ್ಯೆಗಳನ್ನು ಕಲೆಹಾಕಿದರು. ಅವುಗಳಲ್ಲಿ ನೂರಕ್ಕೆ ಸುಮಾರು ಮೂವತ್ತು 1ರಿಂದ ಆರಂಭವಾಗುತ್ತಿದ್ದುವು. 9ರಿಂದ ಆರಂಭವಾಗುವುವು ನೂರಕ್ಕೆ ಐದನ್ನೂ ಮುಟ್ಟಲಿಲ್ಲ. ಇದರಲ್ಲಿ ಮಾಯೆಯೇನೂ ಇಲ್ಲ. ಒಂದು ಊರಿನ ಜನಸಂಖ್ಯೆಯು 1,000ದಿಂದ 2,000ಕ್ಕೆ ಏರಬೇಕಾದರೆ ಊರು ಇಮ್ಮಡಿಯಾಗಬೇಕು. ಆ ದೀರ್ಘಕಾಲವೆಲ್ಲ ಅದರ ಮೊದಲ ಅಂಕಿ 1 ಆಗಿಯೇ ಇರುತ್ತದೆ. ಆದರೆ 9,000ದಿಂದ 10,000ಕ್ಕೆ ಏರಲು ಒಂಬತ್ತರಲ್ಲಿ ಒಂದು ಪಾಲು ಬೆಳೆದರೆ ಸಾಕು. ತಾನಾಗಿ ಬೆಳೆಯುವ ವಸ್ತುಗಳೆಲ್ಲವೂ 1ರ ಮನೆಯಲ್ಲಿ ಬಹುಕಾಲ ತಂಗಿದ್ದು, 9ರ ಮನೆಯನ್ನು ಬೇಗ ದಾಟಿಬಿಡುತ್ತವೆ.

ಇದನ್ನೇಕೆ ಹೇಳಿದೆವೆಂದರೆ, ಸುಳ್ಳು ಲೆಕ್ಕ ಬರೆಯುವವನಿಗೆ ಈ ನಿಯಮವು ತಿಳಿದಿರುವುದಿಲ್ಲ. ಇಲ್ಲದ ಖರ್ಚುಗಳಿಗೆ ರಸೀತಿ ಸೃಷ್ಟಿಸುವವನು ಅಂಕಿಗಳನ್ನು ಮನಸ್ಸಿಗೆ ಬಂದಂತೆ ಹರಡುತ್ತಾನೆ. ಐದು, ಆರು, ಏಳುಗಳು ನಿಜವಾದ ಲೆಕ್ಕದಲ್ಲಿ ಇರಬೇಕಾದುದಕ್ಕಿಂತ ಹೆಚ್ಚಾಗಿ ಬೀಳುತ್ತವೆ. 1990ರ ದಶಕದಲ್ಲಿ ಮಾರ್ಕ್ ನಿಗ್ರಿನಿ ಎಂಬ ಲೆಕ್ಕಶಾಸ್ತ್ರದ ವಿದ್ವಾಂಸರು ಈ ನಿಯಮವನ್ನು ಲೆಕ್ಕಪರಿಶೋಧನೆಗೆ ಅಳವಡಿಸಿದರು. ಅಂದಿನಿಂದ ಕಡತಗಳ ಮೊದಲ ಅಂಕಿಗಳನ್ನು ಎಣಿಸಿ ನೋಡುವುದು ಪರಿಶೋಧಕರ ಉಪಾಯಗಳಲ್ಲಿ ಒಂದಾಗಿದೆ. ಆದರೆ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಈ ನಿಯಮವು ಎಲ್ಲ ಲೆಕ್ಕಕ್ಕೂ ಹೊಂದುವುದಿಲ್ಲ. ಮನುಷ್ಯರ ಎತ್ತರಕ್ಕಾಗಲಿ ಟೆಲಿಫೋನ್ ಸಂಖ್ಯೆಗಳಿಗಾಗಲಿ ಅದು ಸಲ್ಲದು. ಒಂದು ಅಂಗಡಿಯಲ್ಲಿ ಬಹುಪಾಲು ಸರಕಿಗೆ ಐವತ್ತು ರೂಪಾಯಿ ಬೆಲೆಯಿದ್ದರೆ ಆ ಅಂಗಡಿಯ ಪ್ರಾಮಾಣಿಕ ಲೆಕ್ಕವೂ ನಿಯಮವನ್ನು ಮೀರಿಯೇ ಇರುತ್ತದೆ. ಅಂಕಿಗಳು ಸಂಶಯವನ್ನು ಹುಟ್ಟಿಸಬಲ್ಲುವು. ಸಂಶಯವೇ ಸಾಕ್ಷ್ಯವಲ್ಲ. ಈ ಲೇಖನದಲ್ಲಿ ನಾವು ಹೇಳಹೊರಟಿರುವ ಸಂಗತಿಯ ಸಾರವೂ ಇದೇ ಆಗಿದೆ.

ಕಣಜ ತುಂಬಿದ ಬಗೆ

ಬೆನ್‌ಫರ್ಡ್ ಅವರು ಇಪ್ಪತ್ತು ಸಾವಿರ ಸಂಖ್ಯೆಗಳನ್ನು ಕೂಡಿಹಾಕಲು ಬಹಳವಾಗಿ ಶ್ರಮಿಸಬೇಕಾಯಿತು. ಇಂದು ಅಷ್ಟು ಸಂಖ್ಯೆಗಳು ಕಣ್ಣುಮುಚ್ಚಿ ತೆರೆಯುವುದರೊಳಗೆ ಹುಟ್ಟಿಕೊಳ್ಳುತ್ತವೆ. ನಮ್ಮ ದೇಶದಲ್ಲಿ 2016ರಲ್ಲಿ ಆರಂಭವಾದ ಯುಪಿಐ ಹಣಪಾವತಿಯ ವ್ಯವಸ್ಥೆಯನ್ನೇ ನೋಡೋಣ. 2025ರ ಆಗಸ್ಟ್ ತಿಂಗಳೊಂದರಲ್ಲಿಯೇ ಅದರ ಮೂಲಕ ನಡೆದ ಪಾವತಿಗಳು 2,000 ಕೋಟಿಯನ್ನು ದಾಟಿದುವು. ಸರಾಸರಿ ತೆಗೆದರೆ ಸೆಕೆಂಡಿಗೆ ಏಳು ಸಾವಿರಕ್ಕೂ ಮೇಲೆ. ತರಕಾರಿ ಗಾಡಿಯವನಿಗೆ ಕೊಟ್ಟ ಇಪ್ಪತ್ತು ರೂಪಾಯಿಯಿಂದ ಮೊದಲ್ಗೊಂಡು ಮನೆಯ ಬಾಡಿಗೆಯವರೆಗೆ ಪ್ರತಿಯೊಂದು ಪಾವತಿಯೂ ಯಾರಿಂದ, ಯಾರಿಗೆ, ಎಷ್ಟು, ಯಾವಾಗ ಎಂಬ ದಾಖಲೆಯನ್ನು ಹಿಂದೆ ಬಿಟ್ಟುಹೋಗುತ್ತದೆ. ಇದರ ಜೊತೆಗೆ ಮೊಬೈಲ್ ಫೋನುಗಳ ಸಂಚಾರ, ಆಸ್ಪತ್ರೆಯ ದಾಖಲೆ, ತೆರಿಗೆಯ ಲೆಕ್ಕ, ರೈಲಿನ ಟಿಕೆಟ್ಟು ಇವೆಲ್ಲವನ್ನೂ ಸೇರಿಸಿದರೆ ಆಗುವ ರಾಶಿಯನ್ನೇ ಬಿಗ್ ಡೇಟಾ, ಎಂದರೆ ಬೃಹತ್ ದತ್ತಾಂಶ, ಎಂದು ಕರೆಯುತ್ತಾರೆ. ಇದರ ವೈಶಿಷ್ಟ್ಯವು ಬರಿಯ ಗಾತ್ರದಲ್ಲಿಲ್ಲ. ಬೇರೆ ಬೇರೆ ಕಡೆಗಳಿಂದ ಬಂದ ದಾಖಲೆಗಳನ್ನು ಒಂದಕ್ಕೊಂದು ಜೋಡಿಸಿ ನೋಡಬಹುದಾಗಿರುವುದೇ ಇದರ ನಿಜವಾದ ಶಕ್ತಿ. ಇದರ ನಿಜವಾದ ಅಪಾಯವೂ ಅದೇ ಎಂಬುದನ್ನು ಮುಂದೆ ಕಾಣುವೆವು.

ಕಳ್ಳನ ಹೆಜ್ಜೆಯ ಗುರುತು

ವಂಚಕನನ್ನು ಈ ರಾಶಿಯಲ್ಲಿ ಹುಡುಕುವುದು ಹೇಗೆ? ಹಳ್ಳಿಯ ತಳವಾರನು ಹೊಸಬನ ಹೆಜ್ಜೆಯನ್ನು ಗುರುತಿಸುತ್ತಿದ್ದ ಹಾಗೆಯೇ. ಊರಿನವರು ಎಂದು ಎಲ್ಲಿಗೆ ಹೋಗುವರೆಂಬುದು ಅವನಿಗೆ ಗೊತ್ತಿರುತ್ತಿತ್ತು; ಹೊತ್ತಲ್ಲದ ಹೊತ್ತಿನಲ್ಲಿ, ದಾರಿಯಲ್ಲದ ದಾರಿಯಲ್ಲಿ ಮೂಡಿದ ಹೆಜ್ಜೆಯು ಅವನ ಕಣ್ಣಿಗೆ ಬೀಳುತ್ತಿತ್ತು. ಗಣಕಯಂತ್ರವೂ ಮೊದಲು ಪ್ರತಿಯೊಬ್ಬ ಗ್ರಾಹಕನ ವಾಡಿಕೆಯನ್ನು ಕಲಿಯುತ್ತದೆ. ಈತನು ಸಾಮಾನ್ಯವಾಗಿ ಎಷ್ಟು ಖರ್ಚು ಮಾಡುವನು, ಯಾವ ಊರಿನಲ್ಲಿ, ಯಾವ ವೇಳೆಯಲ್ಲಿ, ಎಂತಹ ಅಂಗಡಿಗಳಲ್ಲಿ ಎಂಬುದರ ಒಂದು ಚಿತ್ರವನ್ನು ಬರೆದುಕೊಳ್ಳುತ್ತದೆ. ಬೆಳಗ್ಗೆ ಹತ್ತು ಗಂಟೆಗೆ ಮೈಸೂರಿನಲ್ಲಿ ಬಳಕೆಯಾದ ಕಾರ್ಡು ಹತ್ತೂವರೆಗೆ ಬೇರೊಂದು ಖಂಡದ ಅಂಗಡಿಯಲ್ಲಿ ಕಾಣಿಸಿಕೊಂಡರೆ ಅದು ಒಂದೇ ಕೈಯಲ್ಲಿರುವುದು ಸಾಧ್ಯವಿಲ್ಲ. ಕದ್ದ ಕಾರ್ಡು ನಡೆಯುವುದೋ ಇಲ್ಲವೋ ಎಂದು ನೋಡಲು ಕಳ್ಳನು ಮೊದಲು ಒಂದು ಸಣ್ಣ ಮೊತ್ತವನ್ನು ಪಾವತಿಮಾಡಿ, ಕೂಡಲೇ ದೊಡ್ಡದಕ್ಕೆ ಕೈಹಾಕುವುದುಂಟು. ಈ ಸಣ್ಣದರ ಹಿಂದೆಯೇ ಬರುವ ದೊಡ್ಡದು ಯಂತ್ರಕ್ಕೆ ಪರಿಚಿತವಾದ ಗುರುತು.

ಅಮೆರಿಕದ ಸ್ಯಾನ್ ಡಿಯಾಗೋ ನಗರದ ಎಚ್‌ಎನ್‌ಸಿ ಎಂಬ ಸಂಸ್ಥೆಯು 1992ರಲ್ಲಿ ಫಾಲ್ಕನ್ ಎಂಬ ವ್ಯವಸ್ಥೆಯನ್ನು ಹೊರತಂದಿತು. ಮಿದುಳಿನ ನರಕೋಶಗಳ ಜಾಲವನ್ನು ಸ್ಥೂಲವಾಗಿ ಅನುಸರಿಸುವ ಗಣಿತವನ್ನು ಅದು ಕಾರ್ಡುಗಳ ವಂಚನೆಯ ಪತ್ತೆಗೆ ಬಳಸಿತು. ಹಿಂದೆ ನಡೆದ ಪಾವತಿಗಳಲ್ಲಿ ಯಾವುದು ಮೋಸ, ಯಾವುದು ನೇರ ಎಂಬುದನ್ನು ತೋರಿಸುತ್ತ ಹೋದರೆ ಅಂತಹ ಜಾಲವು ಭೇದವನ್ನು ತಾನೇ ಕಲಿತು, ಹೊಸ ಪಾವತಿಯೊಂದು ಬಂದಾಗ ಸಂಶಯದ ಪ್ರಮಾಣವನ್ನು ಅಂಕಿಯ ರೂಪದಲ್ಲಿ ತಿಳಿಸುತ್ತದೆ.

ಇನ್ನೊಂದು ವಿಧಾನವು ಒಬ್ಬೊಬ್ಬ ವ್ಯಕ್ತಿಯ ಬದಲು ಅವರ ನಡುವಣ ಸಂಬಂಧವನ್ನು ನೋಡುತ್ತದೆ. ವಂಚಕರು ಲಪಟಾಯಿಸಿದ ಹಣವನ್ನು ತಮ್ಮ ಹೆಸರಿನ ಖಾತೆಗೆ ಹಾಕಿಕೊಳ್ಳುವುದಿಲ್ಲ. ಬಡವರಿಂದಲೋ ವಿದ್ಯಾರ್ಥಿಗಳಿಂದಲೋ ಅಲ್ಪ ಹಣಕ್ಕೆ ಕೊಂಡ ಖಾತೆಗಳ ಮೂಲಕ ಅದನ್ನು ಹಾಯಿಸುತ್ತಾರೆ. ಇವಕ್ಕೆ ಮ್ಯೂಲ್ ಖಾತೆಗಳೆಂದು ಹೆಸರು. ಹೊರೆ ಹೊರುವ ಹೇಸರಗತ್ತೆಯಂತೆ ಇವು ಪರರ ಹಣವನ್ನು ಹೊತ್ತು ಸಾಗಿಸುತ್ತವೆ. ಬಹುಕಾಲ ಸುಮ್ಮನಿದ್ದ ಖಾತೆಗೆ ಒಮ್ಮೆಲೇ ಹತ್ತು ಕಡೆಯಿಂದ ಹಣ ಬಂದು, ನಿಮಿಷಗಳಲ್ಲಿಯೇ ಇಪ್ಪತ್ತು ಕಡೆಗೆ ಹೊರಟುಹೋಗುವುದು ಇಂತಹ ಖಾತೆಯ ಲಕ್ಷಣ. ಒಂದೇ ಬ್ಯಾಂಕಿನ ಕಡತವನ್ನು ನೋಡುವವನಿಗೆ ಈ ಹರಿವಿನ ಒಂದು ತುಂಡು ಮಾತ್ರ ಕಾಣುತ್ತದೆ. ಹಲವು ಬ್ಯಾಂಕುಗಳ ದಾಖಲೆಗಳನ್ನು ಕೂಡಿಸಿದಾಗಲೇ ಪೂರ್ಣಜಾಲವು ಕಾಣುವುದು. ಇಂತಹ ಖಾತೆಗಳ ಪತ್ತೆಗಾಗಿ ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೊವೇಶನ್ ಹಬ್ ಸಂಸ್ಥೆಯು ಮ್ಯೂಲ್‌ಹಂಟರ್ ಎಂಬ ಸಾಧನವನ್ನು ರೂಪಿಸಿರುವ ಸಂಗತಿಯನ್ನು ರಿಸರ್ವ್ ಬ್ಯಾಂಕು 2024ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಜೀವಮಾನದ ಉಳಿತಾಯವನ್ನು ಒಂದು ಫೋನ್ ಕರೆಯಿಂದ ಕಳೆದುಕೊಂಡವರ ಸುದ್ದಿಯನ್ನು ದಿನಪತ್ರಿಕೆಗಳಲ್ಲಿ ಓದುವ ನಾವು ಇಂತಹ ಪ್ರಯತ್ನಗಳನ್ನು ಸ್ವಾಗತಿಸಲೇಬೇಕು.

ನೂರಕ್ಕೆ ತೊಂಬತ್ತೊಂಬತ್ತು ಸಾಲದು

ಆದರೆ ಸ್ವಾಗತಿಸುವ ಮುನ್ನ ಒಂದು ಸಣ್ಣ ಲೆಕ್ಕವನ್ನು ಮಾಡಿನೋಡೋಣ. ಕಾಗದ ಪೆನ್ಸಿಲು ಇದ್ದರೆ ವಾಚಕರೂ ನಮ್ಮೊಡನೆ ಮಾಡಬಹುದು. ಹತ್ತು ಲಕ್ಷ ಪಾವತಿಗಳಲ್ಲಿ ಸಾವಿರಕ್ಕೆ ಒಂದರಂತೆ ಒಂದು ಸಾವಿರ ಮೋಸದವೆಂದು ಊಹಿಸಿಕೊಳ್ಳೋಣ. ನಮ್ಮ ಯಂತ್ರವು ಬಹಳ ಚುರುಕಾದುದು: ಮೋಸದ ಪಾವತಿಗಳಲ್ಲಿ ನೂರಕ್ಕೆ 99ನ್ನು ಹಿಡಿಯುತ್ತದೆ, ನೇರವಾದವುಗಳಲ್ಲಿ ನೂರಕ್ಕೆ ಒಂದನ್ನು ಮಾತ್ರ ತಪ್ಪಾಗಿ ಸಂಶಯಿಸುತ್ತದೆ. ಇಂತಹ ಯಂತ್ರವು ಎಚ್ಚರಿಕೆಯ ಗಂಟೆ ಬಾರಿಸಿದರೆ ಆ ಪಾವತಿಯು ಮೋಸದ್ದೇ ಎಂದು ನಾವು ನಂಬಬಹುದೆ?

ಯಂತ್ರವು ಸಾವಿರ ಮೋಸಗಳಲ್ಲಿ 990ನ್ನು ಹಿಡಿಯಿತು. ಉಳಿದ 9,99,000 ನೇರ ಪಾವತಿಗಳಲ್ಲಿ ನೂರಕ್ಕೆ ಒಂದರಂತೆ 9,990ನ್ನು ತಪ್ಪಾಗಿ ಹಿಡಿಯಿತು. ಒಟ್ಟಿನಲ್ಲಿ ಗಂಟೆ ಬಾರಿಸಿದ್ದು 10,980 ಬಾರಿ. ಅದರಲ್ಲಿ ನಿಜವಾದ ಮೋಸವು 990, ಎಂದರೆ ನೂರಕ್ಕೆ ಕೇವಲ ಒಂಬತ್ತು! ಯಂತ್ರವು ಬೆರಳು ತೋರಿದ ಹನ್ನೊಂದು ಜನರಲ್ಲಿ ಹತ್ತು ಮಂದಿ ನಿರಪರಾಧಿಗಳು. ಯಂತ್ರದ ದೋಷವಲ್ಲ ಇದು. ಸಭ್ಯರು ಬಹಳ ಮಂದಿ, ಕಳ್ಳರು ಕೆಲವೇ ಮಂದಿ ಆಗಿರುವ ಪ್ರಪಂಚದ ಸ್ವಭಾವವೇ ಇದು. ಅಪರಾಧವು ವಿರಳವಾದಷ್ಟೂ ಅದನ್ನು ಹುಡುಕುವ ಸಾಧನದ ಎಚ್ಚರಿಕೆಗಳಲ್ಲಿ ಹುಸಿಯಾದುವೇ ಹೆಚ್ಚಾಗುತ್ತವೆ.

ಹಾಗೆಂದು ಸಾಧನವು ನಿಷ್ಪ್ರಯೋಜಕವಲ್ಲ. ಹತ್ತು ಲಕ್ಷವನ್ನು ಪರೀಕ್ಷಿಸುವುದಕ್ಕಿಂತ ಹನ್ನೊಂದು ಸಾವಿರವನ್ನು ಪರೀಕ್ಷಿಸುವುದು ಎಷ್ಟೋ ಸುಲಭ. ಎಲ್ಲವೂ ಮುಂದಿನ ಹೆಜ್ಜೆಯನ್ನು ಅವಲಂಬಿಸಿದೆ. ಬ್ಯಾಂಕು "ಈ ಪಾವತಿಯನ್ನು ಮಾಡಿದವರು ತಾವೇ ಏನು?" ಎಂದು ಒಂದು ಸಂದೇಶ ಕಳುಹಿಸಿದರೆ ಹತ್ತು ನಿರಪರಾಧಿಗಳಿಗೆ ಆಗುವುದು ಒಂದು ಕ್ಷಣದ ತೊಂದರೆ, ಹನ್ನೊಂದನೆಯವನ ಹಣ ಉಳಿಯುತ್ತದೆ. ಅದೇ ಸಂಶಯದ ಮೇಲೆ ಖಾತೆಯನ್ನು ತಿಂಗಳುಗಟ್ಟಲೆ ಸ್ತಂಭನಗೊಳಿಸಿದರೆ ಹತ್ತು ಮನೆಗಳಲ್ಲಿ ಒಲೆ ಹೊತ್ತುವುದಿಲ್ಲ. ಅಂಕಿಯು ಪ್ರಶ್ನೆಯನ್ನು ಕೇಳಬಹುದು. ತೀರ್ಪನ್ನು ಕೊಡುವ ಅಧಿಕಾರವು ಅದಕ್ಕಿಲ್ಲ. ಈ ಭೇದವನ್ನು ಮರೆತರೆ ಏನಾಗುವುದೆಂಬುದಕ್ಕೆ ಯೂರೋಪಿನ ಒಂದು ಸುಸಂಸ್ಕೃತ ರಾಷ್ಟ್ರವೇ ಸಾಕ್ಷಿಯಾಗಿದೆ.

ನೆದರ್ಲೆಂಡ್ಸಿನ ಪಾಠ

ನೆದರ್ಲೆಂಡ್ಸಿನಲ್ಲಿ ದುಡಿಯುವ ತಂದೆತಾಯಿಗಳಿಗೆ ಮಕ್ಕಳ ಪಾಲನಾಗೃಹದ ವೆಚ್ಚಕ್ಕಾಗಿ ಸರ್ಕಾರವು ಸಹಾಯಧನವನ್ನು ಕೊಡುತ್ತದೆ. ಆಗ ಅದನ್ನು ಹಂಚುತ್ತಿದ್ದುದು ತೆರಿಗೆ ಇಲಾಖೆ. ಸುಳ್ಳು ಅರ್ಜಿಗಳನ್ನು ತಡೆಯಬೇಕೆಂಬ ಉದ್ದೇಶದಿಂದ ಇಲಾಖೆಯು ಪ್ರತಿಯೊಂದು ಅರ್ಜಿಗೂ ಅಪಾಯದ ಅಂಕವನ್ನು ನೀಡುವ ಗಣಕ ವ್ಯವಸ್ಥೆಯನ್ನು ಬಳಸಿತು. ಅಂಕವು ಹೆಚ್ಚಾದವರ ಅರ್ಜಿಯು ವಿಶೇಷ ಪರಿಶೀಲನೆಗೆ ಹೋಗುತ್ತಿತ್ತು. ಅರ್ಜಿದಾರರು ಡಚ್ ಪೌರರೇ ಅಲ್ಲವೇ ಎಂಬುದೂ ಆ ಅಂಕವನ್ನು ನಿರ್ಧರಿಸುವ ಅಂಶಗಳಲ್ಲಿ ಒಂದಾಗಿತ್ತು. ಹೀಗೆ ಕೆಲವರು ಏನನ್ನೂ ಮಾಡದೆಯೇ ಸಂಶಯಕ್ಕೆ ಗುರಿಯಾದರು.

ಅಷ್ಟರಿಂದಲೇ ಅನರ್ಥವಾಗುತ್ತಿರಲಿಲ್ಲ. ಪರಿಶೀಲನೆಯಲ್ಲಿ ಒಂದು ಸಹಿ ಬಿಟ್ಟುಹೋಗಿದ್ದರೂ, ತಮ್ಮ ಪಾಲಿನ ಸಣ್ಣ ಮೊತ್ತವನ್ನು ಕಟ್ಟಿದ ರುಜುವಾತು ಇಲ್ಲದಿದ್ದರೂ, ಪಡೆದ ಸಹಾಯಧನವನ್ನೆಲ್ಲ ಪೂರ್ತಿಯಾಗಿ ಹಿಂದಿರುಗಿಸುವಂತೆ ಆಜ್ಞೆಯಾಗುತ್ತಿತ್ತು. ಸಾವಿರಾರು ಯೂರೋಗಳ ಸಾಲವು ಒಮ್ಮೆಲೇ ಸಂಸಾರಗಳ ತಲೆಯ ಮೇಲೆ ಬಿತ್ತು. ತಮ್ಮನ್ನು ಏತಕ್ಕೆ ಹಿಡಿದರೆಂದು ಕೇಳಿದವರಿಗೆ ಸಮರ್ಪಕವಾದ ಉತ್ತರವು ದೊರೆಯಲಿಲ್ಲ. ಮನೆ ಕಳೆದುಕೊಂಡವರೂ ಉದ್ಯೋಗ ಕಳೆದುಕೊಂಡವರೂ ಇದ್ದರು, ಮುರಿದುಹೋದ ಸಂಸಾರಗಳಿದ್ದುವು. ಹೀಗೆ ನೊಂದವರ ಸಂಖ್ಯೆಯು ಹತ್ತಾರು ಸಾವಿರ. 2020ರ ಡಿಸೆಂಬರಿನಲ್ಲಿ ಸಂಸತ್ತಿನ ವಿಚಾರಣಾ ಸಮಿತಿಯು ತನ್ನ ವರದಿಗೆ ಕೊಟ್ಟ ಹೆಸರೇ "ಕಂಡರಿಯದ ಅನ್ಯಾಯ" ಎಂಬರ್ಥದ್ದು. 2021ರ ಜನವರಿ 15ರಂದು ಪ್ರಧಾನಿ ಮಾರ್ಕ್ ರುಟ್ಟೆ ಅವರ ಮಂತ್ರಿಮಂಡಲವು ರಾಜೀನಾಮೆ ನೀಡಿತು. ಅನ್ಯಾಯಕ್ಕೆ ಒಳಗಾದರೆಂದು ನಿರ್ಣಯವಾದವರಿಗೆ ಕನಿಷ್ಠ 30,000 ಯೂರೋ ಪರಿಹಾರ ಕೊಡುವುದೆಂದಾಯಿತು.

ಆಮೇಲೆ ಹೊರಬಂದ ಇನ್ನೊಂದು ಸಂಗತಿಯೂ ಗಮನಾರ್ಹವಾದುದು. ಅದೇ ಇಲಾಖೆಯು ವಂಚನೆಯ ಸಂಶಯಕ್ಕೊಳಗಾದವರ ಪಟ್ಟಿಯೊಂದನ್ನು ವರ್ಷಗಟ್ಟಲೆ ಇಟ್ಟುಕೊಂಡಿತ್ತು. ಅದರಲ್ಲಿ ಎರಡು ಲಕ್ಷದ ಎಪ್ಪತ್ತು ಸಾವಿರಕ್ಕೂ ಮಿಕ್ಕ ಹೆಸರುಗಳಿದ್ದುವು. ಹೆಸರು ಸೇರಿದೆಯೆಂಬುದು ಸೇರಿದವರಿಗೇ ಗೊತ್ತಿರಲಿಲ್ಲ. ಈ ಪಟ್ಟಿಗಾಗಿ ಆ ದೇಶದ ದತ್ತಾಂಶ ರಕ್ಷಣಾ ಪ್ರಾಧಿಕಾರವು 2022ರಲ್ಲಿ ಇಲಾಖೆಗೆ 37 ಲಕ್ಷ ಯೂರೋ ದಂಡ ವಿಧಿಸಿತು. ಹಲವು ಇಲಾಖೆಗಳ ದಾಖಲೆಗಳನ್ನು ಕೂಡಿಸಿ ವಂಚಕರನ್ನು ಹುಡುಕುತ್ತಿದ್ದ ಸಿರಿ ಎಂಬ ಮತ್ತೊಂದು ವ್ಯವಸ್ಥೆಯನ್ನು 2020ರ ಫೆಬ್ರವರಿ 5ರಂದು ಹೇಗ್ ನಗರದ ನ್ಯಾಯಾಲಯವು ತಡೆದುಹಾಕಿತು. ವಂಚನೆಯನ್ನು ತಡೆಯುವ ಉದ್ದೇಶವನ್ನು ನ್ಯಾಯಾಲಯವು ಅಲ್ಲಗಳೆಯಲಿಲ್ಲ. ಆದರೆ ಯಂತ್ರವು ಹೇಗೆ ನಿರ್ಣಯಿಸುತ್ತದೆಂಬುದನ್ನು ಯಾರೂ ಪರೀಕ್ಷಿಸಲಾಗದಿರುವಾಗ ಪ್ರಜೆಯ ಖಾಸಗಿ ಬಾಳಿನೊಳಕ್ಕೆ ಇಷ್ಟು ದೂರ ಇಣುಕುವುದು ನ್ಯಾಯವಲ್ಲವೆಂದಿತು.

ಕಣಜಕ್ಕೇ ಕನ್ನ

ಇದು ಕಾವಲುಗಾರನ ತಪ್ಪಿನ ಕಥೆಯಾಯಿತು. ಇನ್ನು ಕಣಜಕ್ಕೇ ಕನ್ನ ಬೀಳುವುದನ್ನು ನೋಡೋಣ. ಮಾಹಿತಿಯನ್ನು ಒಂದೆಡೆ ರಾಶಿಹಾಕಿದಷ್ಟೂ ಕಳ್ಳನಿಗೆ ಶ್ರಮ ಕಡಿಮೆ. ಸಾವಿರ ಮನೆಗಳಿಗೆ ಕನ್ನ ಹಾಕುವ ಬದಲು ಒಂದು ಉಗ್ರಾಣಕ್ಕೆ ಹಾಕಿದರಾಯಿತು.

ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಯು ಜನರ ಸಾಲ ತೀರಿಸುವ ಯೋಗ್ಯತೆಯನ್ನು ಲೆಕ್ಕಹಾಕಿ ಬ್ಯಾಂಕುಗಳಿಗೆ ತಿಳಿಸುತ್ತದೆ. 2017ರಲ್ಲಿ ಅದರ ಕಣಜದಿಂದ ಸುಮಾರು 14 ಕೋಟಿ 70 ಲಕ್ಷ ಜನರ ಹೆಸರು, ಹುಟ್ಟಿದ ದಿನಾಂಕ, ಸರ್ಕಾರಿ ಗುರುತಿನ ಸಂಖ್ಯೆ ಮುಂತಾದುವು ಕಳುವಾದುವು. ಅದು ಬಳಸುತ್ತಿದ್ದ ತಂತ್ರಾಂಶವೊಂದರಲ್ಲಿ ಬಿರುಕಿತ್ತು. ಬಿರುಕನ್ನು ಮುಚ್ಚುವ ತೇಪೆಯು ಆ ವರ್ಷದ ಮಾರ್ಚಿಯಲ್ಲಿಯೇ ಎಲ್ಲರಿಗೂ ದೊರೆಯುವಂತಿತ್ತು. ಸಂಸ್ಥೆಯು ಅದನ್ನು ಹಾಕಬೇಕಾದೆಡೆಯಲ್ಲಿ ಹಾಕಲಿಲ್ಲ. ಮೇ ತಿಂಗಳಿನಿಂದ ಜುಲೈ ಕೊನೆಯವರೆಗೆ ಕಳ್ಳರು ಒಳಗೇ ಇದ್ದರು. ಹೊರಹೋಗುವ ಮಾಹಿತಿಯನ್ನು ಪರೀಕ್ಷಿಸುವ ಸಾಧನವೇನೋ ಇತ್ತು. ಆದರೆ ಅದಕ್ಕೆ ಬೇಕಾದ ಪ್ರಮಾಣಪತ್ರದ ಅವಧಿ ಮುಗಿದಿದ್ದುದರಿಂದ ಅದು ಕುರುಡಾಗಿತ್ತು. ಅದನ್ನು ನವೀಕರಿಸಿದೊಡನೆಯೇ ಕಳವು ಕಣ್ಣಿಗೆ ಬಿದ್ದಿತು. ವಿಜ್ಞಾನದ ಕೊರತೆಯಿಂದಲ್ಲ, ದಿನನಿತ್ಯದ ಅಲಕ್ಷ್ಯದಿಂದ ಕಣಜವು ಸೂರೆಹೋಯಿತು.

ಹಣ ಕಳುವಾದರೆ ಮತ್ತೆ ಗಳಿಸಬಹುದು. ಗುಪ್ತಪದ ಕಳುವಾದರೆ ಬದಲಿಸಬಹುದು. ಹುಟ್ಟಿದ ದಿನವನ್ನು ಬದಲಿಸುವುದು ಹೇಗೆ? 2015ರಲ್ಲಿ ಬಯಲಾದ ಇನ್ನೊಂದು ಕಳವಿನಲ್ಲಿ ಅಮೆರಿಕದ ಕೇಂದ್ರಸರ್ಕಾರದ ಸಿಬ್ಬಂದಿ ಕಚೇರಿಯಿಂದ 56 ಲಕ್ಷ ಜನರ ಬೆರಳಚ್ಚುಗಳೇ ಹೋಗಿದ್ದುವು. ಹೊಸ ಬೆರಳುಗಳನ್ನು ಯಾರೂ ಕೊಡಲಾರರು. ಇಷ್ಟಲ್ಲದೆ, ಕದ್ದ ಮಾಹಿತಿಯೇ ಮುಂದಿನ ವಂಚನೆಗೆ ಬಂಡವಾಳವಾಗುತ್ತದೆ. ಅಪರಿಚಿತನೊಬ್ಬನು ಫೋನಿನಲ್ಲಿ ನಮ್ಮ ಹೆಸರು, ಬ್ಯಾಂಕು, ವಿಳಾಸಗಳನ್ನು ತಪ್ಪಿಲ್ಲದೆ ಹೇಳಿದಾಗ ನಾವು ಅವನನ್ನು ಅಧಿಕಾರಿಯೆಂದೇ ನಂಬುತ್ತೇವೆ. ವಂಚನೆಯನ್ನು ತಡೆಯಲೆಂದು ಕೂಡಿಹಾಕಿದ ಮಾಹಿತಿಯು ಸೋರಿಹೋದರೆ ವಂಚಕನ ಕೈಗೆ ಆಯುಧವಾಗುತ್ತದೆ.

ಹೆಸರನ್ನು ಅಳಿಸಿದರೆ ಸಾಕೆ?

ಹಾಗಿದ್ದರೆ ದಾಖಲೆಗಳಿಂದ ಹೆಸರುಗಳನ್ನು ಅಳಿಸಿಬಿಟ್ಟರೆ ಅಪಾಯವು ತಪ್ಪುವುದಲ್ಲವೆ ಎಂದು ವಾಚಕರು ಕೇಳಬಹುದು. ಬಹುಕಾಲ ಎಲ್ಲರೂ ಹಾಗೆಯೇ ತಿಳಿದಿದ್ದರು. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನವು ತನ್ನ ನೌಕರರ ಆರೋಗ್ಯ ದಾಖಲೆಗಳನ್ನು ಹೆಸರು ವಿಳಾಸಗಳಿಲ್ಲದೆ ಸಂಶೋಧಕರಿಗೆ ಒದಗಿಸಿತು. ಯಾರ ಗುಟ್ಟೂ ರಟ್ಟಾಗದೆಂದು ರಾಜ್ಯಪಾಲ ವಿಲಿಯಂ ವೆಲ್ಡ್ ಅವರು ಭರವಸೆಯಿತ್ತರು. ಆಗ ವಿದ್ಯಾರ್ಥಿನಿಯಾಗಿದ್ದ ಲಟಾನ್ಯಾ ಸ್ವೀನಿ ಅವರು ರಾಜ್ಯಪಾಲರು ವಾಸವಾಗಿದ್ದ ಕೇಂಬ್ರಿಜ್ ನಗರದ ಮತದಾರರ ಪಟ್ಟಿಯನ್ನು ಇಪ್ಪತ್ತು ಡಾಲರಿಗೆ ಕೊಂಡರು. ಅದರಲ್ಲಿ ಹೆಸರಿನೊಡನೆ ಹುಟ್ಟಿದ ದಿನಾಂಕ, ಲಿಂಗ, ಅಂಚೆಯ ಸಂಕೇತಸಂಖ್ಯೆಗಳಿದ್ದುವು. ಈ ಮೂರೂ ಆರೋಗ್ಯ ದಾಖಲೆಯಲ್ಲಿಯೂ ಉಳಿದಿದ್ದುವು. ರಾಜ್ಯಪಾಲರು ಹುಟ್ಟಿದ ದಿನವೇ ಹುಟ್ಟಿದವರು ಪಟ್ಟಿಯಲ್ಲಿ ಆರು ಜನ. ಅವರಲ್ಲಿ ಗಂಡಸರು ಮೂವರು. ಅವರ ಅಂಚೆ ವಲಯದಲ್ಲಿದ್ದವರು ಒಬ್ಬರೇ. ರಾಜ್ಯಪಾಲರ ಕಾಯಿಲೆಯ ವಿವರಗಳು ಹೀಗೆ ಸಿಕ್ಕಿಬಿಟ್ಟುವು. ಅಮೆರಿಕದ ಪ್ರಜೆಗಳಲ್ಲಿ ನೂರಕ್ಕೆ 87 ಮಂದಿಯನ್ನು ಈ ಮೂರೇ ಗುರುತುಗಳಿಂದ ಪ್ರತ್ಯೇಕಿಸಬಹುದೆಂದು ಸ್ವೀನಿ ಅವರು ಮುಂದೆ ಲೆಕ್ಕಹಾಕಿದರು.

ಪಾವತಿಗಳ ದಾಖಲೆಯಾದರೋ ಇನ್ನೂ ಬಾಯಿಬಡುಕ. 2015ರಲ್ಲಿ ಈವ್-ಅಲೆಕ್ಸಾಂಡರ್ ದ ಮಾಂಟ್‌ಜೋಯ್ ಮತ್ತು ಅವರ ಸಹೋದ್ಯೋಗಿಗಳು 11 ಲಕ್ಷ ಜನರ ಮೂರು ತಿಂಗಳ ಕಾರ್ಡು ಪಾವತಿಗಳನ್ನು ಹೆಸರಿಲ್ಲದೆ ಪರೀಕ್ಷಿಸಿದರು. ಒಬ್ಬನು ಯಾವ ದಿನ ಯಾವ ಅಂಗಡಿಗೆ ಹೋಗಿದ್ದನೆಂಬ ನಾಲ್ಕು ಸಂಗತಿಗಳು ಗೊತ್ತಾದರೆ ಸಾಕು, ನೂರಕ್ಕೆ 90 ಮಂದಿಯನ್ನು ಆ ರಾಶಿಯಿಂದ ಹೆಕ್ಕಿ ತೆಗೆಯಬಹುದೆಂದು ಕಂಡುಬಂದಿತು. ಸೋಮವಾರ ಔಷಧದ ಅಂಗಡಿ, ಬುಧವಾರ ಪುಸ್ತಕದ ಅಂಗಡಿ, ಶುಕ್ರವಾರ ಹೋಟೆಲು, ಭಾನುವಾರ ಬಟ್ಟೆ ಅಂಗಡಿ—ಈ ನಾಲ್ಕೂ ಒಟ್ಟಿಗೆ ಕೂಡುವ ಇನ್ನೊಬ್ಬನು ಲಕ್ಷಾಂತರ ಜನರಲ್ಲಿಯೂ ಸಿಗುವುದು ಅಪರೂಪ. ನಮ್ಮ ವಾಡಿಕೆಯೇ ನಮ್ಮ ಬೆರಳಚ್ಚು. ವಂಚಕನನ್ನು ಹಿಡಿಯಲು ನೆರವಾಗುವ ಗುಣವೇ ಸಭ್ಯನನ್ನೂ ಬಯಲಿಗೆ ಎಳೆಯುತ್ತದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ಬರುವುದಿಲ್ಲ.

ನಾಣ್ಯ ಚಿಮ್ಮುವ ಉಪಾಯ

ವಿಜ್ಞಾನಿಗಳು ಇಲ್ಲಿಗೇ ಕೈಚೆಲ್ಲಿ ಕುಳಿತಿಲ್ಲ. ಅವರ ಉಪಾಯಗಳಲ್ಲಿ ಒಂದು ಅತ್ಯಂತ ಸರಳವೂ ಸುಂದರವೂ ಆಗಿದೆ. "ನೀವು ಎಂದಾದರೂ ತೆರಿಗೆಯಲ್ಲಿ ಮೋಸ ಮಾಡಿದ್ದೀರಾ?" ಎಂದು ಸಾವಿರ ಜನರನ್ನು ಕೇಳಬೇಕಾಗಿದೆ. ನೇರವಾಗಿ ಕೇಳಿದರೆ ಯಾರು ತಾನೆ ನಿಜ ಹೇಳುವರು? ಆದ್ದರಿಂದ ಪ್ರತಿಯೊಬ್ಬರೂ ಗುಟ್ಟಾಗಿ ಒಂದು ನಾಣ್ಯವನ್ನು ಚಿಮ್ಮಲಿ. ತಲೆ ಬಿದ್ದರೆ ನಿಜವನ್ನು ಹೇಳಲಿ. ಹೂವು ಬಿದ್ದರೆ ಇನ್ನೊಮ್ಮೆ ಚಿಮ್ಮಿ, ಈ ಸಲ ತಲೆ ಬಿದ್ದರೆ "ಹೌದು" ಎಂದೂ ಹೂವು ಬಿದ್ದರೆ "ಇಲ್ಲ" ಎಂದೂ ಸುಮ್ಮನೆ ಹೇಳಲಿ. ಈಗ ಒಬ್ಬನು "ಹೌದು" ಎಂದರೆ ಅದು ತಪ್ಪೊಪ್ಪಿಗೆಯೋ ನಾಣ್ಯದ ಆಟವೋ ಯಾರೂ ಹೇಳಲಾರರು. ಅವನ ಮಾನ ಉಳಿಯಿತು. ಆದರೂ ಒಟ್ಟು ಲೆಕ್ಕವು ಸಿಕ್ಕಿಯೇ ಸಿಗುತ್ತದೆ. ಸಾವಿರದಲ್ಲಿ 300 "ಹೌದು" ಬಂದುವೆನ್ನಿ. ಅವುಗಳಲ್ಲಿ ಸುಮಾರು 250 ನಾಣ್ಯದ ಆಟದಿಂದಲೇ ಬಂದುವು. ಉಳಿದ 50 ಮಾತ್ರ ನಿಜ ಹೇಳಿದ 500 ಜನರಿಂದ ಬಂದುವು. ಎಂದರೆ ಮೋಸ ಮಾಡಿದವರು ನೂರಕ್ಕೆ ಹತ್ತು.

ಈ ಬಗೆಯ ಉಪಾಯವನ್ನು ಸ್ಟ್ಯಾನ್ಲಿ ವಾರ್ನರ್ ಅವರು 1965ರಲ್ಲಿಯೇ ಸೂಚಿಸಿದ್ದರು. 2006ರಲ್ಲಿ ಸಿಂಥಿಯಾ ಡ್ವರ್ಕ್ ಮತ್ತು ಅವರ ಮೂವರು ಸಹೋದ್ಯೋಗಿಗಳು ಇದೇ ಜಾಡಿನಲ್ಲಿ ಡಿಫರೆನ್ಷಿಯಲ್ ಪ್ರೈವೆಸಿ ಎಂಬ ಗಣಿತ ಸಿದ್ಧಾಂತವನ್ನು ಮಂಡಿಸಿದರು. ಉತ್ತರಗಳಲ್ಲಿ ಎಷ್ಟು ಗೊಂದಲವನ್ನು ಬೆರೆಸಿದರೆ ವ್ಯಕ್ತಿಯ ಗುಟ್ಟು ಎಷ್ಟು ಉಳಿಯುವುದೆಂಬುದನ್ನು ಅದು ಖಚಿತವಾಗಿ ಅಳೆಯುತ್ತದೆ. ಅಮೆರಿಕದ 2020ರ ಜನಗಣತಿಯ ಅಂಕಿಗಳನ್ನು ಈ ವಿಧಾನದಿಂದಲೇ ಮರೆಮಾಡಿ ಪ್ರಕಟಿಸಿದರು. 2009ರಲ್ಲಿ ಕ್ರೇಗ್ ಜೆಂಟ್ರಿ ಅವರು ಇನ್ನೂ ಸೋಜಿಗದ ದಾರಿಯೊಂದನ್ನು ತೋರಿಸಿದರು. ಅದರಂತೆ ಬೀಗ ಹಾಕಿದ ಪೆಟ್ಟಿಗೆಯನ್ನು ತೆರೆಯದೆಯೇ ಒಳಗಿನ ಅಂಕಿಗಳನ್ನು ಕೂಡಿ ಗುಣಿಸಿ, ಫಲವನ್ನೂ ಬೀಗದೊಳಗೇ ಇಟ್ಟು ಒಡೆಯನಿಗೆ ಒಪ್ಪಿಸಬಹುದು. ಲೆಕ್ಕ ಮಾಡಿದವನಿಗೆ ಒಂದು ಅಂಕಿಯೂ ಕಾಣುವುದಿಲ್ಲ. ಈ ವಿಧಾನದಲ್ಲಿ ಲೆಕ್ಕವು ಬಹಳ ನಿಧಾನವಾಗಿ ಸಾಗುವುದರಿಂದ ಅದನ್ನು ಚುರುಕುಗೊಳಿಸುವ ಪ್ರಯತ್ನಗಳು ನಡೆದಿವೆ.

ಆದರೆ ಒಂದು ಮಿತಿಯನ್ನು ಮರೆಯಬಾರದು. ನಾಣ್ಯದ ಉಪಾಯವು ಸಮೂಹದ ಸತ್ಯವನ್ನು ತಿಳಿಸಿ ವ್ಯಕ್ತಿಯನ್ನು ಮರೆಮಾಡುತ್ತದೆ. ವಂಚನೆಯ ಪತ್ತೆಯಲ್ಲಾದರೋ ಬೇಕಾಗಿರುವುದು ವ್ಯಕ್ತಿಯೇ. ಆದ್ದರಿಂದ ಗಣಿತವೊಂದೇ ನಮ್ಮನ್ನು ಪಾರುಮಾಡಲಾರದು; ಕಟ್ಟಳೆಯೂ ಬೇಕು.

ಕಟ್ಟಳೆ ಮತ್ತು ವಿವೇಕ

ಆ ಕಟ್ಟಳೆಯ ಚರಿತ್ರೆಯಲ್ಲಿ ಕನ್ನಡನಾಡಿನ ಹಿರಿಯರೊಬ್ಬರ ಹೆಸರು ಶಾಶ್ವತವಾಗಿ ಸೇರಿಹೋಗಿದೆ. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ಎಂಬತ್ತು ದಾಟಿದ ತಮ್ಮ ಇಳಿವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2023ರಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ ಕಾಯಿದೆಯನ್ನು ಮಾಡಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದುವು. ಅಪರಾಧವನ್ನು ತಡೆಯುವ ಮತ್ತು ಪತ್ತೆಹಚ್ಚುವ ಕಾರ್ಯಕ್ಕೆ ಈ ಕಾಯಿದೆಯು ತನ್ನ ಹಲವು ಕಟ್ಟಳೆಗಳಿಂದ ವಿನಾಯಿತಿಯನ್ನು ಕೊಟ್ಟಿದೆ. ಕಳ್ಳನಿಗೆ ಮುನ್ಸೂಚನೆ ಕೊಟ್ಟು ಹಿಡಿಯಲಾಗುವುದಿಲ್ಲವಾದುದರಿಂದ ಇದಕ್ಕೆ ಕಾರಣವುಂಟು. ಆದರೆ ನೆದರ್ಲೆಂಡ್ಸಿನ ತಂದೆತಾಯಿಗಳು ನೊಂದದ್ದೂ ಇಂತಹ ಕಾರ್ಯದ ಹೆಸರಿನಲ್ಲಿಯೇ ಎಂಬುದನ್ನು ನೆನೆದರೆ, ವಿನಾಯಿತಿಯಿರುವೆಡೆಯಲ್ಲಿಯೇ ಎಚ್ಚರವು ಹೆಚ್ಚಾಗಿರಬೇಕೆಂದು ನಮಗೆ ತೋರುತ್ತದೆ.

ನಮ್ಮ ಹಳ್ಳಿಗಳಲ್ಲಿ ಹಿಂದೆ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಬರಗಾಲದಲ್ಲಿ ಊರನ್ನು ಉಳಿಸುತ್ತಿದ್ದ ಹಗೇವೇ, ಬಾಯಿ ತೆರೆದೊಡನೆ ಒಳಗಿಳಿದ ಅವಸರದವನನ್ನು ಕೆಟ್ಟ ಗಾಳಿಯಿಂದ ಕೊಲ್ಲುತ್ತಲೂ ಇತ್ತು. ಆದ್ದರಿಂದ ಅದನ್ನು ತೆರೆಯುವುದಕ್ಕೆ ಒಂದು ಕ್ರಮವಿತ್ತು. ಅಂಕಿಗಳ ಕಣಜಕ್ಕೂ ಅಂತಹ ಕ್ರಮವು ಬೇಕಾಗಿದೆ. ಬೇಕಾದುದನ್ನಷ್ಟೇ ಕೂಡಿಡಬೇಕು, ಬೇಡವಾದೊಡನೆ ಅಳಿಸಬೇಕು. ಯಂತ್ರವು ಸಂಶಯಿಸಿದವನಿಗೆ ಸಂಶಯದ ಕಾರಣವನ್ನು ತಿಳಿಸಬೇಕು. ಅವನ ಮಾತನ್ನು ಕೇಳಲು ಒಬ್ಬ ಮನುಷ್ಯನಿರಬೇಕು. ತಪ್ಪಾಗಿದ್ದರೆ ತಿದ್ದುವ ಅಧಿಕಾರವು ಆ ಮನುಷ್ಯನಿಗಿರಬೇಕು.

ನಮ್ಮ ಪಾಲಿನ ಕರ್ತವ್ಯವೂ ಇಲ್ಲದಿಲ್ಲ. ಕೇಳಿದವರಿಗೆಲ್ಲ ಹುಟ್ಟಿದ ದಿನಾಂಕವನ್ನೂ ಗುರುತಿನ ಚೀಟಿಯ ಪ್ರತಿಯನ್ನೂ ಕೊಡುವ ಮೊದಲು ಇದು ಏತಕ್ಕೆಂದು ಕೇಳುವುದನ್ನು ನಾವು ರೂಢಿಸಿಕೊಳ್ಳಬೇಕು. ಫೋನಿನಲ್ಲಿ ನಮ್ಮ ವಿವರಗಳನ್ನೆಲ್ಲ ಬಲ್ಲವನು ಬ್ಯಾಂಕಿನವನೇ ಆಗಿರಬೇಕಾಗಿಲ್ಲವೆಂಬುದನ್ನು ಮನೆಯ ಹಿರಿಯರಿಗೆ ತಿಳಿಯಹೇಳಬೇಕು. ಯಾರಾದರೊಬ್ಬರ ಖಾತೆಯನ್ನು ಯಂತ್ರವು ತಡೆಹಿಡಿದಿದೆಯೆಂಬ ಸುದ್ದಿಯನ್ನು ಕೇಳಿದಾಗ, ಆತನು ವಂಚಕನೇ ಸರಿಯೆಂದು ತೀರ್ಮಾನಿಸುವ ಮುನ್ನ ಹನ್ನೊಂದರಲ್ಲಿ ಹತ್ತರ ಆ ಲೆಕ್ಕವನ್ನು ಒಮ್ಮೆ ನೆನಪಿಗೆ ತಂದುಕೊಳ್ಳಬೇಕು.